ಎತ್ತುವ ಹಗ್ಗ, ನಡೆಸುವ ಹಗ್ಗ

ಬೀದರ ಜಿಲ್ಲೆಗೆ ಕಡಲಿಲ್ಲ. ಕರ್ನಾಟಕದ ನೆತ್ತಿಯ ಮೇಲಿರುವ ಈ ನಾಡಿನವರು ಕಾರವಾರದ ತೀರವನ್ನು ಕಾಣಬೇಕಾದರೆ ರಾಜ್ಯವನ್ನೇ ಓರೆಯಾಗಿ ದಾಟಿ ಹೋಗಬೇಕು. ಮಾಂಜ್ರಾ ಮತ್ತು ಕಾರಂಜಾ ನದಿಗಳು ಮಳೆಗಾಲದಲ್ಲಿ ತುಂಬಿ ಹರಿಯುತ್ತವೆಯಾದರೂ ಬೇಸಿಗೆಗೆ ಬಡವಾಗುತ್ತವೆ. ಇಷ್ಟಾದರೂ ಇಲ್ಲಿಯ ಹೊಲಗಳಿಗೆ ದೋಣಿ ಅಪರಿಚಿತವೇನಲ್ಲ. ಕನ್ನಡದಲ್ಲಿ ದೋಣಿಯೆಂದರೆ ನೀರಿನ ಮೇಲೆ ತೇಲುವುದು ಮಾತ್ರವಲ್ಲ. ನೀರನ್ನು ತನ್ನೊಳಗೆ ಹಿಡಿದುಕೊಳ್ಳುವುದೂ ದೋಣಿಯೇ. ದನಕರುಗಳು ಬಾಯಿಟ್ಟು ಕುಡಿಯುವ ಕಲ್ಲಿನ ತೊಟ್ಟಿ ದೋಣಿ; ಬಾವಿಯ ತಲೆಯಲ್ಲಿ ಕಪಿಲೆಯ ನೀರು ಬಂದು ಬೀಳುವ ಕಲ್ಲುಹಾಸಿನ ಕುಳಿಯೂ ದೋಣಿ. ಮೊದಲನೆಯ ದೋಣಿಗೆ ಹಾಯಿ ಕಟ್ಟುವವರು ಹಗ್ಗದ ವಿದ್ಯೆಯನ್ನು ಎಷ್ಟು ಬಲ್ಲರೋ, ಎರಡನೆಯ ದೋಣಿಗೆ ನೀರು ತುಂಬುತ್ತಿದ್ದವರೂ ಅಷ್ಟೇ ಬಲ್ಲವರಾಗಿದ್ದರು. ಆ ವಿದ್ಯೆಯ ಮಾತು ಇದು. ಅದನ್ನು ಒಬ್ಬ ಹುಡುಗ ಕಲಿತ ಬಗೆಯ ಮಾತೂ ಹೌದು.

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಸುರಿದ ಮಳೆ ಆ ಕೆಂಪು ಕಲ್ಲಿನ ಸಂದುಗಳಲ್ಲಿ ಇಳಿದು ಆಳದಲ್ಲಿ ನಿಲ್ಲುತ್ತದೆ. 15ನೆಯ ಶತಮಾನದಲ್ಲಿ ಬಹಮನಿ ಅರಸರು ಈ ಗುಣವನ್ನರಿತು ನೌಬಾದಿನಲ್ಲಿ ನೆಲದೊಳಗೇ ಸುರಂಗ ಕೊರೆಸಿ, ನೀರು ತಾನಾಗಿ ಹರಿದುಬರುವಂತೆ ಮಾಡಿದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ತೋಡಿದ ಬಾವಿಗಳು ಇಂದಿಗೂ ಕಾಣುತ್ತವೆ. ಅರಸನ ನಗರಕ್ಕೆ ಒದಗಿದ ಆ ಅನುಕೂಲ ಹಳ್ಳಿಯ ರೈತನಿಗೆ ಒದಗಲಿಲ್ಲ. ಭಾಲ್ಕಿ ಮತ್ತು ಔರಾದಿನ ಕಡೆಗೆ ಇಳಿದರೆ ಮೇಲೆ ಎರೆಮಣ್ಣು, ಕೆಳಗೆ ಕರಿಗಲ್ಲು. ಆ ಕಲ್ಲನ್ನು ಒಡೆದು ಬಾವಿ ತೋಡಿದರೆ ಬಿರುಕುಗಳಲ್ಲಿ ಒಸರುವ ನೀರು ತಳದಲ್ಲಿ ಸಿಕ್ಕುತ್ತಿತ್ತು. ತಳದ ನೀರನ್ನು ಮೇಲಕ್ಕೆ ತರುವ ಕೆಲಸ ಎತ್ತಿನದು, ತೊಗಲಿನದು ಮತ್ತು ಹಗ್ಗದ್ದು. ಕನ್ನಡದಲ್ಲಿ ಇದು ಕಪಿಲೆ. ಗಡಿಯ ಊರುಗಳ ಮರಾಠಿ ಮಾತಿನವರಿಗೆ ಮೋಟ್.

ಕಪಿಲೆಯನ್ನು ಕಾಣದ ಇಂದಿನ ಮಕ್ಕಳಿಗಾಗಿ ಅದರ ರಚನೆಯನ್ನು ತುಸು ವಿವರಿಸಬೇಕು. ಬಾವಿಯ ಅಂಚಿನಲ್ಲಿ ಎರಡು ಗಟ್ಟಿ ಕಂಬಗಳು; ಅವುಗಳ ನಡುವೆ ಎತ್ತರದಲ್ಲಿ ಒಂದು ಮರದ ಗಾಲಿ. ಅದರ ಕೆಳಗೆ, ದೋಣಿಯ ತುಟಿಯ ಮಟ್ಟದಲ್ಲಿ, ಅಡ್ಡಲಾಗಿ ತಿರುಗುವ ಒಂದು ಉರುಳೆ. ಬಾವಿಗೆ ಇಳಿಯುವುದು ತೊಗಲಿನ ಬಾನೆ. ಅದರ ಮೇಲ್ಬಾಯಿಗೆ ಕಬ್ಬಿಣದ ಬಳೆ; ತಳದಿಂದ ಹೊರಟದ್ದು ಆನೆಯ ಸೊಂಡಿಲಿನಂತಹ ಉದ್ದನೆಯ ತೊಗಲ ಕೊಳವೆ. ಎಂಟು ಹತ್ತು ಕೊಡ ನೀರು ಹಿಡಿಯುವ ಈ ಬಾನೆಗೆ ಎರಡು ಹಗ್ಗಗಳು. ದಪ್ಪನೆಯ ಮಿಣಿ ಬಾಯಿಯ ಬಳೆಗೆ ಕಟ್ಟಿ, ಮೇಲಿನ ಗಾಲಿಯನ್ನು ಹಾಯ್ದು ಎತ್ತಿನ ನೊಗಕ್ಕೆ ಬರುತ್ತದೆ. ಸಣ್ಣ ಹಗ್ಗ ಸೊಂಡಿಲಿನ ತುದಿಗೆ ಕಟ್ಟಿ, ಕೆಳಗಿನ ಉರುಳೆಯ ಮೇಲೆ ಹಾಯ್ದು ಅದೇ ನೊಗಕ್ಕೆ ಬರುತ್ತದೆ. ಎತ್ತುಗಳು ಬಾವಿಗೆ ಬೆನ್ನು ಮಾಡಿ ಇಳಿಜಾರಿನ ದಾರಿಯಲ್ಲಿ ಕೆಳಗೆ ನಡೆದರೆ ಬಾನೆ ಮೇಲಕ್ಕೆ ಬರುತ್ತದೆ. ಕಪಿಲೆ ಹೊಡೆಯುವವನು ಮಿಣಿಯ ಮೇಲೆ ಕುಳಿತು ತನ್ನ ಮೈಭಾರವನ್ನೂ ಎಳೆತಕ್ಕೆ ಕೂಡಿಸುತ್ತಾನೆ.

ಈ ಎರಡು ಹಗ್ಗಗಳ ಉದ್ದದಲ್ಲಿಯೇ ಕಪಿಲೆಯ ಮರ್ಮವೆಲ್ಲ ಅಡಗಿದೆ. ಬಾನೆ ಮೇಲೇರುವಾಗ ಸೊಂಡಿಲು ಮಡಚಿಕೊಂಡು, ಅದರ ತುದಿ ಬಾನೆಯ ಬಾಯಿಗಿಂತ ಕೆಳಗೆ ಜೋಲದಂತೆ ಇರಬೇಕು. ಹಾಗಿದ್ದರೆ ಹನಿ ನೀರೂ ಚೆಲ್ಲುವುದಿಲ್ಲ. ದೋಣಿಯ ಮಟ್ಟಕ್ಕೆ ಬಂದಾಗ ಸಣ್ಣ ಹಗ್ಗ ಸೊಂಡಿಲಿನ ತುದಿಯನ್ನು ಉರುಳೆಯ ಮೇಲಿಂದ ದೋಣಿಯೊಳಕ್ಕೆ ಎಳೆಯುತ್ತದೆ. ದಪ್ಪ ಮಿಣಿ ಬಾನೆಯನ್ನು ಇನ್ನೂ ಮೇಲಕ್ಕೆ, ಗಾಲಿಯ ಕಡೆಗೆ ಒಯ್ಯುತ್ತದೆ. ಯಾರ ಕೈಯೂ ಸೋಕದೆ ನೀರೆಲ್ಲ ದೋಣಿಗೆ ಸುರಿಯುತ್ತದೆ. ಸಣ್ಣ ಹಗ್ಗ ಒಂದು ಗೇಣು ಉದ್ದವಾದರೂ ಸೊಂಡಿಲು ಜೋತುಬಿದ್ದು ಅರ್ಧ ನೀರು ಬಾವಿಗೇ ಮರಳುತ್ತದೆ. ಗಿಡ್ಡವಾದರೆ ಭಾರವೆಲ್ಲ ಅದರ ಮೇಲೆಯೇ ಬಿದ್ದು ಬಾನೆ ಓರೆಯಾಗುತ್ತದೆ. ಮಿಣಿ ಭಾರವನ್ನು ಎತ್ತುತ್ತದೆ. ಸಣ್ಣ ಹಗ್ಗ ಆ ಭಾರ ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ನಡೆಸುತ್ತದೆ. ನಾರಿನ ಹಗ್ಗ ಹೊಸದಾಗಿದ್ದಾಗ ಎಳೆತಕ್ಕೆ ಹಿಗ್ಗುತ್ತದೆ, ನೆನೆದಾಗ ಉಬ್ಬಿ ಗಿಡ್ಡವಾಗುತ್ತದೆ. ಆದಕಾರಣ ನೊಗದ ಬಳಿಯ ಗಂಟನ್ನು ದಿನವೂ ಸರಿನೋಡಿ ಬಿಗಿಯುವುದು ತಿಳಿದವನ ಲಕ್ಷಣವಾಗಿತ್ತು.

ಆ ಹಗ್ಗ ಎಲ್ಲಿಂದ ಬರುತ್ತಿತ್ತು? ಹೊಲದ ಅಂಚಿನಲ್ಲಿ ಬಿತ್ತಿದ ಪುಂಡಿಯಿಂದ. ಪುಂಡಿಯ ಎಳೆಯ ಸೊಪ್ಪು ರೊಟ್ಟಿಯೊಡನೆ ಪಲ್ಯವಾಗಿ ಹೋದರೆ, ಬಲಿತ ಕಾಂಡ ಹಗ್ಗಕ್ಕೆ ಉಳಿಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಕಾಂಡಗಳನ್ನು ಕೊಯ್ದು ಕಟ್ಟುಕಟ್ಟಿ, ಹಳ್ಳದ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದರು. ಸಿಪ್ಪೆ ಕೊಳೆತು ಸಡಿಲಾದ ಮೇಲೆ, ಆ ದುರ್ಗಂಧದ ನೀರಿನಲ್ಲಿ ಮೊಣಕಾಲುಮಟ್ಟ ನಿಂತು ನಾರು ಸುಲಿಯಬೇಕು, ತೊಳೆಯಬೇಕು, ಒಣಗಿಸಬೇಕು. ಅನಂತರ ನಾರನ್ನು ಒಂದು ದಿಕ್ಕಿಗೆ ಹೊಸೆದು ಎಳೆ ಮಾಡಿ, ಅಂತಹ ಮೂರು ಎಳೆಗಳನ್ನು ವಿರುದ್ಧ ದಿಕ್ಕಿಗೆ ಹುರಿಗೊಳಿಸುತ್ತಿದ್ದರು. ಎಳೆ ತನ್ನ ಹೊಸೆತವನ್ನು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಹಗ್ಗ ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹವಣಿಸುತ್ತದೆ. ಒಂದು ಬಿಚ್ಚಬೇಕಾದರೆ ಇನ್ನೊಂದು ಬಿಗಿಯಬೇಕು. ಈ ಎರಡು ವಿರೋಧಗಳು ಒಂದನ್ನೊಂದು ಹಿಡಿದಿರುವುದರಿಂದಲೇ ಹಗ್ಗ ಹಗ್ಗವಾಗಿ ಉಳಿಯುತ್ತದೆ.

ಈ ಕೆಲಸವೆಲ್ಲ ಊರ ಹೊರಗಿನ ಕೇರಿಯವರದು. ಬಾನೆಗೆ ತೊಗಲು ಹದಮಾಡಿ ಹೊಲಿದವರೂ ಅದೇ ಕೇರಿಗಳವರು. ಬಾವಿಯ ನೀರನ್ನು ಮೇಲಕ್ಕೆ ತಂದ ತೊಗಲು ಅವರದು, ಮಿಣಿ ಅವರದು. ಆ ಬಾವಿಯ ಕಟ್ಟೆಯನ್ನೇರುವ ಹಕ್ಕು ಮಾತ್ರ ಅವರದಾಗಿರಲಿಲ್ಲ. ಸಂವಿಧಾನ 1950ರಲ್ಲಿ ಜಾರಿಗೆ ಬಂದು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತ್ತು. ಅದನ್ನು ಅಪರಾಧವೆಂದು ದಂಡಿಸುವ ಕಾಯಿದೆ 1955ರಲ್ಲಿ ಬಂದಿತ್ತು. ಕಾಯಿದೆ ದಿಲ್ಲಿಯಿಂದ ಹೊರಟರೂ ಹಳ್ಳಿಯ ಬಾವಿಯ ಕಟ್ಟೆಯನ್ನು ಇನ್ನೂ ತಲುಪಿರಲಿಲ್ಲ.

ಇದು 1960ರ ದಶಕದ ಆರಂಭದ ಮಾತು. ಭಾಲ್ಕಿಯಿಂದ ಔರಾದಿನ ಕಡೆಗಿರುವ ಒಂದು ಹಳ್ಳಿಯ ರೈತನ ಮಗ ಭಾಲ್ಕಿಯಲ್ಲಿ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ. ಬೇಸಿಗೆಯ ರಜೆಗೆ ಊರಿಗೆ ಬಂದಾಗ ಅವನಿಗೆ ತಂದೆ ವಹಿಸಿದ ಕೆಲಸ ಒಂದೇ: ಸಂಜೆ ಕಪಿಲೆ ನಿಂತ ಮೇಲೆ ಹಗ್ಗ ಎತ್ತಿಡುವುದು. ಕೆಲಸ ಸಣ್ಣದು, ಕ್ರಮ ದೊಡ್ಡದು. ಬಾನೆಯನ್ನು ನೀರಿನಲ್ಲಿ ಬಿಡದೆ ಮೇಲೆ ತಂದು ಬಾಯಿ ಕೆಳಗಾಗಿ ತೂಗಹಾಕಬೇಕು. ಮಿಣಿಯನ್ನು ನೊಗದಿಂದ ಬಿಚ್ಚಿ, ಗಾಲಿಯಿಂದ ಇಳಿಸಿ, ಅಂಟಿದ ಮಣ್ಣನ್ನು ಕೈಯಿಂದ ಒರಸಬೇಕು. ಮಣ್ಣಿನ ಹರಳು ಎಳೆಗಳ ನಡುವೆ ಸೇರಿದರೆ ಒಳಗಿಂದಲೇ ಕೊಯ್ಯುತ್ತದೆ. ಗಾಳಿ ಆಡುವ ನೆರಳಿನಲ್ಲಿ ಉದ್ದಕ್ಕೆ ಚಾಚಿ ಆರಿಸಬೇಕು. ಆರಿದ ಮೇಲೆ ಹುರಿ ಯಾವ ಕಡೆಗಿದೆಯೋ ಆ ಕಡೆಗೇ ಸುತ್ತಿ ಸಿಂಬೆ ಮಾಡಬೇಕು. ಎದುರು ಸುತ್ತಿದರೆ ಮರುದಿನ ಬಿಚ್ಚುವಾಗ ಗಂಟುಗಂಟಾಗಿ ಮುರುಟುತ್ತದೆ. ಕೊನೆಗೆ ಗೆದ್ದಲು ಹತ್ತದಂತೆ ಗೋಡೆಯ ಗೂಟಕ್ಕೆ ತೂಗಹಾಕಬೇಕು. ಸಣ್ಣ ಹಗ್ಗಕ್ಕೂ ಇದೇ ಉಪಚಾರ.

ಹುಡುಗನಿಗೆ ಇದು ಬೇಸರದ ಕೆಲಸವೆನಿಸಿತು. ಅವನು ಪಟ್ಟಣದ ಶಾಲೆಯವನು. ಕಥೆಯ ಪುಸ್ತಕ ಅರ್ಧ ಓದಿ ಇಟ್ಟು ಬಂದಿರುತ್ತಿದ್ದ. ನಾಲ್ಕು ದಿನ ಹೇಳಿದಂತೆ ಮಾಡಿದವನು ಐದನೆಯ ದಿನ ಒದ್ದೆಯ ಮಿಣಿಯನ್ನೇ ಸುತ್ತಿ ಗುಡಿಸಲಿನ ಮೂಲೆಗೆ ಎಸೆದ. ಬೆಳಿಗ್ಗೆ ಮತ್ತೆ ನೀರಿಗೆ ಇಳಿಯುವ ಹಗ್ಗವನ್ನು ರಾತ್ರಿ ಆರಿಸುವುದೇಕೆ ಎಂಬುದು ಅವನ ತರ್ಕ. ತರ್ಕದಲ್ಲಿ ತಪ್ಪೇನೂ ಕಾಣಿಸಲಿಲ್ಲ, ಏಕೆಂದರೆ ಹಗ್ಗ ಮರುದಿನವೂ ಎಳೆಯಿತು, ವಾರವೂ ಎಳೆಯಿತು. ರಜೆಯ ಬಹುಪಾಲು ಹೀಗೆಯೇ ಕಳೆಯಿತು.

ಒಂದು ಮುಂಜಾನೆ ತುಂಬಿದ ಬಾನೆ ಇನ್ನೇನು ದೋಣಿಯ ಮಟ್ಟಕ್ಕೆ ಬರಬೇಕು, ಮಿಣಿ ಹರಿಯಿತು. ಭಾರಕ್ಕೆ ಎದೆಯೊಡ್ಡಿ ಇಳಿಜಾರಿನಲ್ಲಿ ಎಳೆಯುತ್ತಿದ್ದ ಎತ್ತುಗಳಿಗೆ ಭಾರವೇ ಇಲ್ಲದಂತಾಗಿ ಮುಂದಕ್ಕೆ ಮುಗ್ಗರಿಸಿದವು. ಬಲಗಡೆಯ ಎತ್ತು ಮೊಣಕಾಲೂರಿ ಬಿದ್ದಿತು. ಮಿಣಿಯ ಮೇಲೆ ಕುಳಿತಿದ್ದ ತಂದೆ ಕಲ್ಲಿನ ಮೇಲೆ ಉರುಳಿದ. ಅವನ ಮೊಣಕೈ ಒಡೆಯಿತು. ಎತ್ತು ಬಹುದಿನ ಕುಂಟಿತು. ಬಾವಿಯೊಳಗೆ ಯಾರೂ ಇರಲಿಲ್ಲವೆಂಬುದೊಂದೇ ಪುಣ್ಯ. ಹೂಳು ತೆಗೆಯಲು ಆಳು ಇಳಿದಿದ್ದ ಹೊತ್ತಿನಲ್ಲಿ ಹರಿದಿದ್ದರೆ ಏನಾಗುತ್ತಿತ್ತೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ತಂದೆಯ ಸಿಟ್ಟು ಹಗ್ಗ ಹೊಸೆದವನ ಮೇಲೆ ತಿರುಗಿತು. ನಾರು ಕಳಪೆಯೆಂದು ಬಗೆದು, ಸುಗ್ಗಿಯಲ್ಲಿ ಅವನಿಗೆ ಸಲ್ಲಬೇಕಾಗಿದ್ದ ಜೋಳವನ್ನು ತಡೆಹಿಡಿದು, ಆಳು ಕಳುಹಿಸಿ ಅವನನ್ನು ಕರೆಸಿದ. ಅವನು ಬಂದು ಕಟ್ಟೆಯಿಂದ ದೂರದಲ್ಲಿ ಕುಳಿತ. ಹರಿದ ಎರಡು ತುಂಡುಗಳನ್ನು ಅವನ ಮುಂದೆ ಎಸೆದರು. ಅವನು ಮಾತಾಡದೆ ಒಂದು ತುಂಡನ್ನೆತ್ತಿ, ಹುರಿಯ ಎದುರು ದಿಕ್ಕಿಗೆ ತಿರುವಿ ಎಳೆಗಳನ್ನು ಬಿಡಿಸಿದ. ಹೊರಗೆ ಹೊಂಬಣ್ಣದ ನಾರು, ಒಳಗೆ ಕಪ್ಪು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ಉದುರಿತು.

“ಹಗ್ಗ ಸುಳ್ಳ ಹೇಳಲ್ಲರಿ ಧಣಿ. ಮ್ಯಾಲ ನೋಡಬ್ಯಾಡ್ರಿ, ಒಳಗ ನೋಡ್ರಿ. ಹಸೀದು ಸುತ್ತಿ ಇಟ್ಟಾರ.”

ಯಾರು ಇಟ್ಟರೆಂದು ಅವನು ಹೇಳಲಿಲ್ಲ. ಒಮ್ಮೆ ಮಾತ್ರ ಹುಡುಗನ ಕಡೆಗೆ ನೋಡಿ ದೃಷ್ಟಿಯನ್ನು ಕೆಳಗಿಳಿಸಿದ. ಹುಡುಗನಿಗೆ ಆ ನೋಟ ಸಾಕಾಗಿತ್ತು. ಆದರೂ ಅವನು ಬಾಯಿ ತೆರೆಯಲಿಲ್ಲ. ತಂದೆ ಒಪ್ಪದೆ ಗೊಣಗುತ್ತ ಎತ್ತಿನ ಬಳಿಗೆ ಹೋದ. ಬಿಸಿಲು ಏರಿತ್ತು. ಹಗ್ಗದವನು ಕುಡಿಯಲು ನೀರು ಕೇಳಿದ. ಹುಡುಗ ತಂಬಿಗೆ ತಂದು, ಹಿರಿಯರು ಮಾಡುವುದನ್ನು ಕಂಡಿದ್ದಂತೆ, ದೂರದಿಂದ ಎತ್ತರಕ್ಕೆ ಹಿಡಿದು ಅವನ ಬೊಗಸೆಗೆ ಸುರಿದ. ಅರ್ಧ ನೀರು ಮೊಣಕೈಯ ಮೇಲಿಂದ ಹರಿದು ನೆಲಕ್ಕೆ ಹೋಯಿತು. ಸೊಂಡಿಲು ಜೋತುಬಿದ್ದ ಬಾನೆಯ ನೀರು ಬಾವಿಗೇ ಮರಳುವುದನ್ನು ಹುಡುಗ ಎಷ್ಟೋ ಸಲ ಕಂಡಿದ್ದ. ಆಗೆಲ್ಲ ತಂದೆ ಗದರಿಕೊಂಡು ಗಂಟನ್ನು ಬಿಗಿಯುತ್ತಿದ್ದ. ಇಂದು ಚೆಲ್ಲಿದ ನೀರಿಗಾಗಿ ಗದರುವವರು ಯಾರೂ ಇರಲಿಲ್ಲ.

ಆ ರಾತ್ರಿ ಹುಡುಗ ತಂದೆಯ ಎದುರು ತಪ್ಪನ್ನು ಒಪ್ಪಿಕೊಂಡ. ತಂದೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ನಸುಕಿನಲ್ಲಿ ಎದ್ದು ಜೋಳ ಅಳೆದು ಚೀಲಕ್ಕೆ ತುಂಬಿ, ಕಟ್ಟು ಹಾಕಿದ ಮೊಣಕೈಯಲ್ಲೇ ಹೆಗಲಿಗೇರಿಸಿಕೊಂಡು ತಾನೇ ಆ ಕೇರಿಗೆ ಹೋಗಿ ಇಳಿಸಿ ಬಂದ. ಅಂದಿನ ಹಳ್ಳಿಯಲ್ಲಿ ಇದು ಸಾಮಾನ್ಯದ ಮಾತಲ್ಲ. ಜೋಳ ಅವನ ಮನೆಯವರೆಗೆ ಹೋಯಿತು. ಬಾವಿಯ ನೀರು ಮಾತ್ರ ಹಾಗೆ ಹೋಗಲು ಇನ್ನೂ ಬಹಳ ವರ್ಷಗಳು ಬೇಕಾದವು.

ರಜೆ ಮುಗಿಸಿ ಭಾಲ್ಕಿಗೆ ಮರಳಿದ ಹುಡುಗನಿಗೆ ಶಾಲೆಯಲ್ಲಿ ಕೇಳಿದ ಒಂದು ಶರಣರ ಕಥೆ ಬೇರೆಯ ಅರ್ಥವನ್ನು ಕೊಟ್ಟಿತು. 12ನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಬಸವಣ್ಣನವರ ಸಂಗಡಿಗರಾಗಿದ್ದ ನುಲಿಯ ಚಂದಯ್ಯನವರ ಕಾಯಕ ಹಗ್ಗ ಹೊಸೆಯುವುದು. ಕೆರೆಯಂಚಿನ ಹುಲ್ಲು ಕೊಯ್ದು, ನುಲಿ ಮಾಡಿ ಮಾರಿ, ಬಂದುದನ್ನು ದಾಸೋಹಕ್ಕೆ ಸಲ್ಲಿಸುತ್ತಿದ್ದರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸದೆ ಮುಂದುವರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಕಥೆಯೇ ಅದು. ಈಗ ಚಂದಯ್ಯನವರಿಗೆ ಒಂದು ಮುಖ ಬಂದಿತ್ತು: ಕಟ್ಟೆಯಿಂದ ದೂರ ಕುಳಿತು, ಹರಿದ ಹಗ್ಗವನ್ನು ಬಿಡಿಸಿ ತೋರಿಸಿ, ತಪ್ಪಿತಸ್ಥನ ಹೆಸರನ್ನು ಹೇಳದೆ ಉಳಿದವನ ಮುಖ.

ಹುಡುಗ ಮುಂದೆ ಉಪಾಧ್ಯಾಯನಾದ. 1980ರ ದಶಕದಲ್ಲಿ ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆಂದು ಹೈದರಾಬಾದಿಗೆ ಕರೆದೊಯ್ದಿದ್ದ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರಿಗೆ ಅದೇ ರಾಜಧಾನಿ. ಬಳಕೆ ಇನ್ನೂ ತಪ್ಪಿರಲಿಲ್ಲ. 16ನೆಯ ಶತಮಾನದಲ್ಲಿ ಕಟ್ಟಿದ ಹುಸೇನ್ ಸಾಗರದ ದಂಡೆಯಲ್ಲಿ ಸೈನ್ಯದ ಕೆಲವು ತರುಣರು ಸಣ್ಣ ಹಾಯಿದೋಣಿಗಳನ್ನು ಗಾಲಿಬಂಡಿಯ ಮೇಲೆ ಇರಿಸಿ ನೀರಿನ ಅಂಚಿಗೆ ತಳ್ಳಿಕೊಂಡು ಬರುತ್ತಿದ್ದರು. ಮಕ್ಕಳು ಹಾಯಿಯನ್ನು ನೋಡುತ್ತಿದ್ದರೆ ಉಪಾಧ್ಯಾಯನ ಕಣ್ಣು ಹಗ್ಗಗಳ ಮೇಲೆ ನಿಂತಿತು. ಕೂವೆಮರದ ತುದಿಯ ಗಾಲಿಯನ್ನು ಹಾಯ್ದು ಹಾಯಿಯನ್ನು ಮೇಲೇರಿಸುವ ಹಗ್ಗ ಒಂದು; ಹಾಯಿಯ ಅಡಿಯ ಅಡ್ಡಗೋಲಿಗೆ ಕಟ್ಟಿ, ಗಾಳಿಗೆ ತಕ್ಕಂತೆ ಎಳೆದು ಸಡಿಲಿಸುವ ಹಗ್ಗ ಇನ್ನೊಂದು. ಎತ್ತುವುದೊಂದು, ನಡೆಸುವುದೊಂದು. ಕಪಿಲೆಯೇ ನೀರಿಗಿಳಿದು ತೇಲುವಂತೆ ಅವನಿಗೆ ತೋರಿತು.

ಅವನು ದಖ್ಖನಿ ಉರ್ದುವಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಒಬ್ಬ ತರುಣ ಸಹನೆಯಿಂದ ಉತ್ತರಿಸಿದ. ಕಪಿಲೆಯ ಗಾಲಿ ಎಳೆತದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಭಾರವನ್ನು ಕಡಿಮೆ ಮಾಡುವುದಿಲ್ಲ. ದೋಣಿಯಲ್ಲಿ ನಡೆಸುವ ಹಗ್ಗ ಎರಡು ಮೂರು ಸಣ್ಣ ಗಾಲಿಗಳನ್ನು ಸುತ್ತಿ ಬರುವುದರಿಂದ ಕೈಗೆ ಭಾರ ಹಗುರ. ಅದಕ್ಕೆ ಬೆಲೆಯಾಗಿ ಹೆಚ್ಚು ಉದ್ದ ಎಳೆಯಬೇಕು. ಆ ಹಗ್ಗವನ್ನು ಬಿಗಿಯಾಗಿ ಕಟ್ಟಿಬಿಡಬಾರದು, ಕೈಯಲ್ಲೇ ಹಿಡಿದಿರಬೇಕು. ಬಿರುಗಾಳಿ ಬೀಸಿದಾಗ ಒಡನೆ ಸಡಿಲಿಸಿದರೆ ದೋಣಿ ಉಳಿಯುತ್ತದೆ. ಕಾಲಡಿಯಲ್ಲಿ ಸಿಕ್ಕುಸಿಕ್ಕಾಗಿ ಬಿದ್ದ ಹಗ್ಗ ಗಾಲಿಯಲ್ಲಿ ತಡೆದರೆ ದೋಣಿ ಮಗುಚುತ್ತದೆ. ಹಾಯಿ ಏರಿಸಿದ ಹಗ್ಗದ ಉಳಿದ ತುದಿಯನ್ನೂ ಸಿಂಬೆ ಮಾಡಿ ತೂಗಹಾಕಿರಬೇಕು. ಅವಸರದಲ್ಲಿ ಹಾಯಿ ಇಳಿಸುವಾಗ ಅದು ತಡೆಯಿಲ್ಲದೆ ಹರಿಯಬೇಕು. ಸಂಜೆ ದಂಡೆಗೆ ಬಂದ ಮೇಲೆ ಅವರು ಹಾಯಿ ಇಳಿಸಿ ಮಡಚಿದರು. ಒಂದೊಂದು ಹಗ್ಗವನ್ನೂ ಬಿಡಿಸಿ, ಒರಸಿ, ಸುತ್ತಿ, ನಡು ಕಟ್ಟಿ ಒಳಗಿಟ್ಟರು. ದಾರಿಯಲ್ಲಿ ಒಂದು ತುದಿಯೂ ಜೋಲದಂತೆ ನೋಡಿಕೊಂಡು ಬಂಡಿಯನ್ನು ತಳ್ಳಿಕೊಂಡು ಹೋದರು. ಅವರ ಹಗ್ಗ ನಾರಿನದಲ್ಲ, ಕಾರ್ಖಾನೆಯ ಎಳೆಯದು; ಒದ್ದೆಯಿಟ್ಟರೆ ಅದು ಪುಂಡಿಯ ನಾರಿನಂತೆ ಕೊಳೆಯುವುದಿಲ್ಲ. ಆದರೂ ಬಿಸಿಲು ಮತ್ತು ಮರಳು ಅದನ್ನೂ ತಿನ್ನುತ್ತವೆ ಎಂದು ಆ ತರುಣ ಹೇಳಿದ. ಉಪಾಧ್ಯಾಯ ತಲೆದೂಗಿದ. ಮಕ್ಕಳಿಗೆ ಅವನೇಕೆ ಅಷ್ಟು ಹೊತ್ತು ಅಲ್ಲಿ ನಿಂತನೆಂಬುದು ತಿಳಿಯಲಿಲ್ಲ.

ಆ ಹೊತ್ತಿಗೆ ಅವನ ಊರಿನ ಕಪಿಲೆ ಮೌನವಾಗಿತ್ತು. ಮೊದಲು ಎಣ್ಣೆಯ ಇಂಜಿನ್ನು, ಆಮೇಲೆ ವಿದ್ಯುತ್ತಿನ ಪಂಪು ಬಂದವು. ಎತ್ತುಗಳು ಇಡೀ ದಿನ ಎಳೆಯುತ್ತಿದ್ದ ನೀರನ್ನು ಪಂಪು ಸ್ವಲ್ಪ ಹೊತ್ತಿನಲ್ಲೇ ಎತ್ತಿಹಾಕಿತು. ಕಪಿಲೆಯ ಶ್ರಮವನ್ನು ಬಲ್ಲ ಯಾರೂ ಅದು ಮರಳಿ ಬರಲೆಂದು ಬಯಸಲಾರರು. ಮುಂದೆ ಕೊಳವೆಬಾವಿಗಳು ಬಂದು ತೆರೆದ ಬಾವಿಗಳ ಒಸರೇ ಬತ್ತತೊಡಗಿತು. ಎಷ್ಟು ಎತ್ತಬಹುದೆಂಬ ಲೆಕ್ಕ ಬೆಳೆಯಿತು. ಎತ್ತಿದ್ದು ಎಲ್ಲಿಗೆ ಸಲ್ಲಬೇಕೆಂಬ ಲೆಕ್ಕ ಅದರ ಜೊತೆಗೆ ಬೆಳೆಯಲಿಲ್ಲ. ಹಗ್ಗ ಹೊಸೆಯುತ್ತಿದ್ದ ಮನೆಯವರು ಕೂಲಿಗಾಗಿ ನಗರಗಳ ದಾರಿ ಹಿಡಿದರು.

ಶಾಲೆಯಲ್ಲಿ ಕಪಿಲೆಯಿಲ್ಲ, ಹಾಯಿಯಿಲ್ಲ. ಆದರೆ ಪ್ರತಿ ಶಾಲೆಯಲ್ಲಿಯೂ ಒಂದು ಕಂಬ, ಅದರ ತುದಿಯಲ್ಲಿ ಒಂದು ಸಣ್ಣ ಗಾಲಿ, ಅದರಲ್ಲಿ ಒಂದು ಹಗ್ಗ ಇದ್ದೇ ಇರುತ್ತವೆ. ಧ್ವಜವನ್ನು ಎತ್ತುವ ಹಗ್ಗ ಅದು. ಆ ಉಪಾಧ್ಯಾಯ ತನ್ನ ಶಾಲೆಯಲ್ಲಿ ಆ ಹಗ್ಗದ ಹೊಣೆಯನ್ನು ಜವಾನನಿಗೆ ಬಿಡದೆ ಮಕ್ಕಳಿಗೆ ಸರದಿಯಂತೆ ವಹಿಸಿದ. ಸರದಿಯಲ್ಲಿ ಎಲ್ಲ ಕೇರಿಗಳ ಮಕ್ಕಳ ಹೆಸರೂ ಇರುತ್ತಿತ್ತು. ಕುಡಿಯುವ ನೀರಿನ ಕೊಡ ತುಂಬುವ ಸರದಿಯೂ ಅದೇ ಪಟ್ಟಿಯಲ್ಲಿಯೇ. ಮೊದಲ ವರ್ಷ ಒಬ್ಬಿಬ್ಬರು ಪಾಲಕರು ಬಂದು ನೀರಿನ ಪಟ್ಟಿಯ ಬಗ್ಗೆ ಮಾತೆತ್ತಿದರು. ಅವನು ಅವರಿಗೆ ಕಾಯಿದೆಯನ್ನು ಹೇಳಲಿಲ್ಲ, ಶಾಸ್ತ್ರವನ್ನೂ ಹೇಳಲಿಲ್ಲ. ಅವರೆದುರಿಗೆ ಅಂದು ಕೊಡ ತುಂಬಿದ್ದ ಹುಡುಗನಿಂದ ಒಂದು ಲೋಟ ನೀರು ಕೇಳಿ ಕುಡಿದ. ಪಟ್ಟಿ ಹಾಗೆಯೇ ಉಳಿಯಿತು.

ಒಂದು ಆಗಸ್ಟ್ 15ರಂದು ಧ್ವಜಾರೋಹಣದ ಹೊತ್ತಿಗೆ ಮಳೆ ಹನಿಯಿತು. ಸಂಜೆ ಧ್ವಜ ಇಳಿಸಿ ಮಡಚಿಟ್ಟ ಮೇಲೆ, ಸರದಿಯ ಹುಡುಗ ಕಂಬದಿಂದ ಬಿಡಿಸಿದ ಹಗ್ಗವನ್ನು ಕೈಯಲ್ಲಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಂತು, “ಸರ್, ಹಗ್ಗ ಹಸಿ ಅದ. ಈಗೇ ಸುತ್ತಲ್ರಿ?” ಎಂದು ಕೇಳಿದ. ಉಪಾಧ್ಯಾಯ ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟು ಹೊರಗೆ ಬಂದ. ಇಬ್ಬರೂ ಸೇರಿ ಪಡಸಾಲೆಯ ಕಂಬದಿಂದ ಕಂಬಕ್ಕೆ ಹಗ್ಗವನ್ನು ಚಾಚಿ ಕಟ್ಟಿದರು. ಅದು ಆರುವವರೆಗೆ ಅಲ್ಲಿಯೇ ಕುಳಿತು, ಹರಿದ ಮಿಣಿಯ ಕಥೆಯನ್ನು ಅವನು ಆ ಹುಡುಗನಿಗೆ ಹೇಳಿದ. ಎತ್ತು ಬಿದ್ದುದನ್ನೂ, ತಂದೆ ಜೋಳ ಹೊತ್ತು ಹೋದುದನ್ನೂ ಹೇಳಿದ. ಹಗ್ಗದವನ ಮೇಲೆ ತಪ್ಪು ಬಿದ್ದಾಗ ತಾನು ಸುಮ್ಮನೆ ನಿಂತಿದ್ದುದನ್ನು, ತಂಬಿಗೆಯನ್ನು ಎತ್ತರಕ್ಕೆ ಹಿಡಿದುದನ್ನು ಮರೆಮಾಚದೆ ಹೇಳಿದ. ಹುಡುಗ ಕೇಳುತ್ತ ಕುಳಿತ. ಹಗ್ಗ ಆರಿದ ಮೇಲೆ ಅದನ್ನು ಹುರಿಯ ದಿಕ್ಕಿಗೆ ಸುತ್ತಿ, ಸಿಂಬೆ ಮಾಡಿ, ಗೂಟಕ್ಕೆ ತೂಗಹಾಕಿ ಮನೆಗೆ ಹೋದ.